ಅಪ್ಪಣೆ ಕೇಳದೆ ಕೂಡಿದವರು

ವಿಮಾನ ನಗರಕ್ಕೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಪುಣೆಯ ಲೋಹಗಾಂವ್ ವಾಯುನೆಲೆಯ ಮಗ್ಗುಲಲ್ಲಿ ಬೆಳೆದ ಬಡಾವಣೆ ಅದು. ಸುಖೋಯ್ ಮೇಲೆದ್ದಾಗ ಮಾತಾಡುತ್ತಿದ್ದವರು ಮಾತು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಅದರ ಬಗ್ಗೆ ಯಾರೂ ದೂರು ಕೊಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಯಾವುದೋ ಮಹಡಿಯಿಂದ ಸ್ಪೀಕರಿನ ಗುಡುಗು ಕೇಳಿದರೆ ಮಾತ್ರ ಠಾಣೆಗೆ ಫೋನ್ ಹೋಗುತ್ತದೆ. ಸಿಂಬಯಾಸಿಸ್ ಸಂಸ್ಥೆಯ ಕಾಲೇಜುಗಳು, ನಗರ ರಸ್ತೆಯ ಫೀನಿಕ್ಸ್ ಮಾಲ್, ಖರಾಡಿಯ ಐಟಿ ಕಚೇರಿಗಳು, ಕಲ್ಯಾಣಿ ನಗರದ ಪಬ್‌ಗಳು ಎಲ್ಲವೂ ಇಲ್ಲಿಗೆ ಕೈಯಳತೆಯಲ್ಲಿವೆ. ಬೆಳಗಾವಿ, ವಿಜಯಪುರ, ಕಲಬುರ್ಗಿಗಳಿಂದ ಓದಿಗೋ ನೌಕರಿಗೋ ಬಂದು ಬಾಡಿಗೆ ಮನೆ ಹಿಡಿದ ಕನ್ನಡದ ಹುಡುಗ ಹುಡುಗಿಯರೂ, ನಿವೃತ್ತಿಯ ನಂತರ ನೆಮ್ಮದಿ ಬಯಸಿ ಫ್ಲ್ಯಾಟ್ ಕೊಂಡವರೂ ಇಲ್ಲಿ ಒಂದೇ ಲಿಫ್ಟಿನಲ್ಲಿ ಓಡಾಡುತ್ತಾರೆ. ರೇವ್ ಸಂಗೀತದ ಆರಂಭಕಾಲದ ಕುರಿತ ಸಿನಿಮಾವೊಂದನ್ನು ನೋಡಿ ಅಭಿಪ್ರಾಯ ಹೇಳಿ ಎಂದರೆ ಈ ಎರಡೂ ಗುಂಪು ಏನು ಹೇಳಬಹುದೆಂದು ಊಹಿಸುವುದು ಕಷ್ಟವಲ್ಲ. ಒಂದು ಗುಂಪು, ಮಾದಕ ವಸ್ತುವನ್ನು ಮೆರೆಸುವ ಚಿತ್ರ ಎನ್ನುತ್ತದೆ. ಇನ್ನೊಂದು, ಆ ಕಾಲದ ಮಜವೇ ಬೇರೆ, ನಾವು ತಡವಾಗಿ ಹುಟ್ಟಿದೆವು ಎಂದು ಹಲುಬುತ್ತದೆ.

ಎರಡೂ ಅಭಿಪ್ರಾಯಗಳು ಒಂದೇ ಕಡೆ ಎಡವುತ್ತವೆ ಎಂಬುದು ನನ್ನ ವಾದ. ಬೈಯುವವರೂ ಹೊಗಳುವವರೂ ಆ ಚಿತ್ರಗಳನ್ನು ಅಮಲಿನ ಚಿತ್ರಗಳೆಂದೇ ಓದುತ್ತಾರೆ. ಅವುಗಳಲ್ಲಿ ಒಳ್ಳೆಯವು ಹೇಳುವ ಕಥೆ ಬೇರೆಯೇ ಇದೆ. ಯಾರ ಅಪ್ಪಣೆಯನ್ನೂ ಕೇಳದೆ, ದೇವರ ಹೆಸರೋ ಪಕ್ಷದ ಹೆಸರೋ ಕಂಪನಿಯ ಹೆಸರೋ ಹೇಳದೆ, ಸಾವಿರಾರು ಜನ ಒಂದು ರಾತ್ರಿ ಒಂದು ಬಯಲಿನಲ್ಲಿ ಕೂಡಿದರೆ ರಾಜ್ಯ ಏನು ಮಾಡುತ್ತದೆ, ನೆರೆಯವರು ಏನು ಮಾಡುತ್ತಾರೆ, ಕೂಡಿದವರು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಆ ಕಥೆ. ಚಿತ್ರವನ್ನು ಅಳೆಯಬೇಕಾದದ್ದು ಈ ಮೂರು ಪ್ರಶ್ನೆಗಳಿಂದ. ಹಾಗೆ ಅಳೆದರೆ ಹೆಸರುವಾಸಿಯಾದ ಕೆಲವು ಚಿತ್ರಗಳು ಬೀಳುತ್ತವೆ, ಹೆಚ್ಚು ಜನ ನೋಡದ ಒಂದೆರಡು ನಿಲ್ಲುತ್ತವೆ.

ನಿಲ್ಲುವ ಚಿತ್ರಗಳಲ್ಲಿ ಬ್ರಯನ್ ವೆಲ್ಷ್ ನಿರ್ದೇಶಿಸಿದ 2019ರ ‘ಬೀಟ್ಸ್’ ಮೊದಲಿನದು. 1994ರ ಸ್ಕಾಟ್ಲೆಂಡ್. ಜಾನೊ, ಸ್ಪ್ಯಾನರ್ ಎಂಬ ಇಬ್ಬರು ಹದಿಹರೆಯದ ಗೆಳೆಯರು. ಒಬ್ಬನ ತಾಯಿ ಪೊಲೀಸಿನವನೊಬ್ಬನ ಜೊತೆ ಸಂಸಾರ ಹೂಡಿ ಒಳ್ಳೆಯ ಬಡಾವಣೆಗೆ ಹೋಗುವ ಆತುರದಲ್ಲಿದ್ದಾಳೆ. ಇನ್ನೊಬ್ಬ ಪುಂಡ ಅಣ್ಣನ ಏಟು ತಿನ್ನುತ್ತ ಬೆಳೆದವನು. ಮುಂದೆ ಇಬ್ಬರ ದಾರಿ ಬೇರೆಯಾಗುವುದು ಖಚಿತ. ಅಷ್ಟರೊಳಗೆ ಒಂದು ರಾತ್ರಿ, ಕಳ್ಳ ರೇಡಿಯೊ ಕೊಟ್ಟ ಸುಳಿವು ಹಿಡಿದು, ಒಂದು ಗೋದಾಮಿನ ಕುಣಿತಕ್ಕೆ ಹೋಗುತ್ತಾರೆ. ಚಿತ್ರವೆಲ್ಲ ಕಪ್ಪುಬಿಳುಪು, ಕುಣಿತದ ನಡುವೆ ಮಾತ್ರ ಬಣ್ಣ ಚಿಮ್ಮುತ್ತದೆ. ಗುಳಿಗೆ ನುಂಗುವ ದೃಶ್ಯ ಇದೆಯೇ? ಇದೆ. ಚಿತ್ರ ಅದನ್ನು ಮುಚ್ಚಿಡುವುದಿಲ್ಲ. ಆದರೆ ನೋಡಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಆ ಗುಳಿಗೆಯಲ್ಲ, ಕೆಲಸವಿಲ್ಲದ ಊರಿನ ಹುಡುಗರಿಗೆ ಸೇರಲು ಒಂದು ಜಾಗ ಸಿಕ್ಕಿ, ಅದೇ ರಾತ್ರಿ ಕೈತಪ್ಪುವ ಪರಿ. ಕೈತಪ್ಪಿಸಲು ಬರುವ ಪೊಲೀಸರಲ್ಲಿ ಆ ತಾಯಿಯ ಸಂಗಾತಿಯೂ ಒಬ್ಬ.

ಆ ವರ್ಷ ಬ್ರಿಟನ್ನಿನಲ್ಲಿ ಬಂದ ಕಾಯಿದೆ ಗೊತ್ತಿಲ್ಲದೆ ಈ ಚಿತ್ರ ಪೂರ್ತಿ ದಕ್ಕುವುದಿಲ್ಲ. 1992ರ ಮೇ ತಿಂಗಳಲ್ಲಿ ಕ್ಯಾಸಲ್‌ಮಾರ್ಟನ್ ಎಂಬ ಹುಲ್ಲುಗಾವಲಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿ ಒಂದು ವಾರದ ಹತ್ತಿರ ಕುಣಿದರು. ಟಿಕೆಟ್ ಇರಲಿಲ್ಲ, ಸಂಘಟಕರೆಂದು ಹಿಡಿಯಲು ಸರಿಯಾಗಿ ಯಾರೂ ಸಿಗಲಿಲ್ಲ. ಸ್ಪೈರಲ್ ಟ್ರೈಬ್ ಎಂಬ ತಂಡದ ಹದಿಮೂರು ಮಂದಿಯ ಮೇಲೆ ನಡೆದ ದುಬಾರಿ ವಿಚಾರಣೆ ಅವರ ಖುಲಾಸೆಯಲ್ಲಿ ಕೊನೆಯಾಯಿತು. ಇದ್ದ ಕಾನೂನು ಸಾಲದೆಂದು ಸರ್ಕಾರ 1994ರಲ್ಲಿ ಹೊಸ ಕಾಯಿದೆ ತಂದಿತು. ಬಯಲಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಕೂಡಿ ರಾತ್ರಿ ಹೊತ್ತು ಧ್ವನಿವರ್ಧಕ ಹಾಕಿ ಸುತ್ತಲಿನವರಿಗೆ ತೀವ್ರ ತೊಂದರೆ ಕೊಟ್ಟರೆ ಅಲ್ಲಿಂದ ಎಬ್ಬಿಸುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. 2003ರಲ್ಲಿ ಆ ನೂರು ಇಪ್ಪತ್ತಕ್ಕೆ ಇಳಿಯಿತು. ಒಂದೇ ಬಡಿತ ಮತ್ತೆ ಮತ್ತೆ ಬರುವ ಸದ್ದು ಕೂಡ ಸಂಗೀತದ ಲೆಕ್ಕಕ್ಕೇ ಬರುತ್ತದೆಂದು ಶಾಸನದೊಳಗೇ ಬರೆದರು. ಮಾದಕ ವಸ್ತುವಿಗೆ ಬೇರೆ ಕಾಯಿದೆ ಮೊದಲಿನಿಂದಲೂ ಇತ್ತು, 1971ರದು. ಹೊಸ ಕಾಯಿದೆಯ ಈ ಭಾಗ ಎಣಿಸಿದ್ದು ತಲೆಗಳನ್ನು, ಅಳೆದದ್ದು ಸದ್ದನ್ನು. ಗುಳಿಗೆಯೊಂದೇ ತೊಂದರೆಯಾಗಿದ್ದರೆ ಈ ಭಾಗದ ಅಗತ್ಯವೇ ಇರಲಿಲ್ಲ.

ಇದೇ ಮಾತನ್ನು ಇನ್ನೂ ನೇರವಾಗಿ ಹೇಳುವ ಸಾಕ್ಷ್ಯಚಿತ್ರ ಕಲಾವಿದ ಜೆರೆಮಿ ಡೆಲ್ಲರ್ ಮಾಡಿದ ‘ಎವ್ರಿಬಡಿ ಇನ್ ದ ಪ್ಲೇಸ್’. ಪ್ರೇಕ್ಷಕರ ಅಭಿಪ್ರಾಯವನ್ನು ಚಿತ್ರದ ಒಳಗೇ ತಂದುಕೊಂಡಿರುವುದು ಇದರ ಹೆಚ್ಚುಗಾರಿಕೆ. ಲಂಡನ್ನಿನ ಶಾಲೆಯೊಂದರ ರಾಜ್ಯಶಾಸ್ತ್ರದ ತರಗತಿಗೆ ಹೋಗುವ ಡೆಲ್ಲರ್, ಆ ಕಾಲದಲ್ಲಿ ಹುಟ್ಟಿಯೇ ಇರದ ಮಕ್ಕಳ ಮುಂದೆ ಹಳೆಯ ವಿಡಿಯೊಗಳನ್ನು ಹಾಕುತ್ತಾರೆ. ತರಗತಿಯಲ್ಲಿ ವಲಸೆ ಬಂದ ಮನೆತನಗಳ ಮಕ್ಕಳೇ ಹೆಚ್ಚು. ಅವರಿಗೆ ಆ ಕಾಲದ ಹಳಹಳಿಕೆ ಇಲ್ಲ, ಹೆತ್ತವರ ಹೆದರಿಕೆಯೂ ಇಲ್ಲ. ಡೆಲ್ಲರ್ ಅವರ ವಾದ ಸರಳ: 1984–85ರ ಗಣಿ ಕಾರ್ಮಿಕರ ಮುಷ್ಕರ ಮುರಿದುಬಿತ್ತು, ಕಾರ್ಖಾನೆಗಳು ಮುಚ್ಚಿದವು, ಬರಿದಾದ ಗೋದಾಮುಗಳಿಗೆ ಕುಣಿಯುವವರು ಬಂದರು, ಗಣಿಯವರ ವಿರುದ್ಧ ಕೈ ಪಳಗಿಸಿಕೊಂಡ ಪೊಲೀಸು ವ್ಯವಸ್ಥೆಯೇ ಇವರ ಹಿಂದೆಯೂ ಬಿತ್ತು. ಇದು ಸ್ವಲ್ಪ ಎಳೆದು ಹೇಳಿದ ಮಾತು ಅನ್ನಿಸುವುದುಂಟು. ಶಿಕಾಗೊ, ಡೆಟ್ರಾಯಿಟ್ ನಗರಗಳ ಕರಿಯರು ಕಟ್ಟಿದ ಸಂಗೀತ ಇಂಗ್ಲೆಂಡಿಗೆ ಬಂದದ್ದಕ್ಕೂ ಗಣಿ ಮುಷ್ಕರಕ್ಕೂ ನೇರ ನಂಟು ಕಟ್ಟುವುದು ಕಷ್ಟ. ಡೆಲ್ಲರ್ ಅವರೂ ಆ ಮೂಲವನ್ನು ಮರೆಮಾಚುವುದಿಲ್ಲ. ಆದರೂ ಅವರು ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಇಟ್ಟಿದ್ದಾರೆ. ಪರದೆಯ ಮೇಲಿನವರು ಯಾರು, ಆ ಜಾಗ ಯಾಕೆ ಖಾಲಿ ಬಿದ್ದಿತ್ತು ಎಂಬ ದಾರಿಯಲ್ಲಿ ಆ ಮಕ್ಕಳು ಹೋಗುತ್ತಾರೆ. ಏನು ಸೇದಿದರು ಎಂಬಲ್ಲೇ ನಿಲ್ಲುವುದಿಲ್ಲ.

ನಮ್ಮಲ್ಲಿ ಹಾಗೆ ನೋಡಲು ಬಿಡದ ಕಾರಣವೊಂದಿದೆ, ಅದು ಪುಣೆಯದೇ. 2007ರ ಮಾರ್ಚಿನಲ್ಲಿ, ಹೋಳಿಯ ಹೊತ್ತಿಗೆ, ಸಿಂಹಗಡದ ತಪ್ಪಲಿನ ಡೋಣಜೆ ಗ್ರಾಮದ ಬಳಿ ನಡೆದ ರಾತ್ರಿ ಕೂಟದ ಮೇಲೆ ಪುಣೆ ಗ್ರಾಮಾಂತರ ಪೊಲೀಸರು ದಾಳಿ ಮಾಡಿ ಇನ್ನೂರೈವತ್ತಕ್ಕೂ ಹೆಚ್ಚು ಯುವಜನರನ್ನು ಹಿಡಿದರು. ಹೆಚ್ಚಿನವರು ಕಾಲೇಜಿನವರು, ಐಟಿಯವರು. ನಮ್ಮ ಪತ್ರಿಕೆಗಳ ಬಹುಪಾಲು ಓದುಗರಿಗೆ ರೇವ್ ಪಾರ್ಟಿಯ ಪರಿಚಯವಾದದ್ದು ಇಂಥ ವರದಿಗಳಿಂದ; ಹಾಡಿನಿಂದಲ್ಲ, ಮಹಜರಿನಿಂದ. ಅಲ್ಲಿಂದೀಚೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಬಳಿಯ ಫಾರ್ಮ್‌ಹೌಸಿನ ಮೇಲೆ 2024ರ ಮೇ ತಿಂಗಳಲ್ಲಿ ನಡೆದ ದಾಳಿಯವರೆಗೆ ಎಲ್ಲವೂ ಅದೇ ಅಚ್ಚಿನಲ್ಲಿ ಬಂದಿವೆ: ತಲೆ ಎಣಿಕೆ, ರಕ್ತದ ಮಾದರಿ, ಮುಖ ಮುಚ್ಚಿಕೊಂಡ ಹುಡುಗಿಯರ ಫೋಟೊ. 2025ರ ಜುಲೈಯಲ್ಲಿ ವಿಮಾನ ನಗರದ ಪಕ್ಕದ ಖರಾಡಿಯಲ್ಲಿ ಒಂದು ವಸತಿ ಕಟ್ಟಡದೊಳಗೆ ಸಿಕ್ಕವರು ಏಳು ಜನ. ಸುದ್ದಿವಾಹಿನಿಗಳಿಗೆ ಅದೂ ರೇವ್ ಪಾರ್ಟಿಯೇ ಆಯಿತು. ಸಿನಿಮಾಗಳೂ ಇದೇ ಹಾದಿ ಹಿಡಿದಿವೆ. 2013ರ ‘ಗೋ ಗೋವಾ ಗಾನ್’ ಚಿತ್ರದಲ್ಲಿ ದ್ವೀಪದ ರೇವ್‌ಗೆ ಹೋದವರು ಹೊಸ ಗುಳಿಗೆ ನುಂಗಿ ಮನುಷ್ಯರನ್ನೇ ತಿನ್ನುವ ಜೊಂಬಿಗಳಾಗುತ್ತಾರೆ. ತಮಾಷೆಯ ಚಿತ್ರ, ನಗಿಸುತ್ತದೆ, ಸರಿ. ಆದರೆ ಪೊಲೀಸ್ ವರದಿಯ ಕಲ್ಪನೆಯನ್ನೇ ಕೊನೆಯವರೆಗೆ ಎಳೆದರೆ ಇದೇ ಸಿಗುವುದು. ಇಂಥವನ್ನು ನೋಡಿ ಪಳಗಿದ ಕಣ್ಣು ‘ಬೀಟ್ಸ್’ ನೋಡಿದಾಗಲೂ ಗುಳಿಗೆಯನ್ನೇ ಹುಡುಕುತ್ತದೆ.

ಅದೇ 2007ರ ಡಿಸೆಂಬರಿನಲ್ಲಿ ಗೋವಾದ ಕಾಂದೋಳಿಯಲ್ಲಿ ಸನ್‌ಬರ್ನ್ ಉತ್ಸವ ಶುರುವಾಯಿತು. ಸಂಗೀತ ಅದೇ ಕುಲದ್ದು, ಕುಣಿಯುವ ವಯಸ್ಸೂ ಅದೇ. ವ್ಯತ್ಯಾಸ ಇದ್ದದ್ದು ಬೇಲಿ, ಟಿಕೆಟ್, ಪರವಾನಗಿ, ಪ್ರಾಯೋಜಕರಲ್ಲಿ. 2016ರಲ್ಲಿ ಆ ಉತ್ಸವ ಪುಣೆಗೇ ಬಂದು, ವಿಮಾನ ನಗರದ ಮುಂದಿನಿಂದ ಹಾಯುವ ನಗರ ರಸ್ತೆಯ ಕಡೆಯ ಕೇಸನಂದದಲ್ಲಿ ಬೀಡುಬಿಟ್ಟಿತು. ವಿರೋಧ ಅದಕ್ಕೂ ಬಂತು, ಆದರೆ ಉತ್ಸವ ನಡೆಯಿತು. 2007ರ ಮಾರ್ಚಿನಲ್ಲಿ ಪೊಲೀಸ್ ವ್ಯಾನು ಹತ್ತಿಸಿದ ಸಂಗೀತ ಅದೇ ವರ್ಷದ ಡಿಸೆಂಬರಿನಲ್ಲಿ ಪ್ರವಾಸೋದ್ಯಮದ ಜಾಹೀರಾತಾಯಿತು. ಬ್ರಿಟನ್ನಿನಲ್ಲೂ ನಡೆದದ್ದು ಇದೇ. ಬಯಲಿನಿಂದ ಎಬ್ಬಿಸಿದ ಜನ ಪರವಾನಗಿ ಪಡೆದ ದೊಡ್ಡ ಕ್ಲಬ್ಬುಗಳಿಗೆ ಹೋದರು, ಗುಳಿಗೆಯೂ ಅವರ ಜೊತೆಗೇ ಹೋಯಿತು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಗಟ್ಟಿಯಾದದ್ದು: ಮಾದಕ ವಸ್ತು ಕಟ್ಟುಕಥೆಯಲ್ಲ, ಜನ ಸತ್ತಿದ್ದಾರೆ. ನಿಜ. ಬ್ರಿಟನ್ನಿನಲ್ಲಿ 1995ರಲ್ಲಿ ಹದಿನೆಂಟನೆಯ ಹುಟ್ಟುಹಬ್ಬದ ಕೂಟದಲ್ಲಿ ಗುಳಿಗೆ ನುಂಗಿದ ಹುಡುಗಿಯೊಬ್ಬಳ ಸಾವು ಇಡೀ ದೇಶವನ್ನು ಅಲುಗಿಸಿತು. ಗೋವಾದ ಉತ್ಸವಗಳಲ್ಲೂ ಎಳೆಯ ಜೀವಗಳು ಹೋಗಿವೆ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿ ನಗರದಲ್ಲಿ ಐಷಾರಾಮಿ ಕಾರು ಡಿಕ್ಕಿ ಹೊಡೆದು ಇಬ್ಬರು ಯುವ ಎಂಜಿನಿಯರುಗಳು ಸತ್ತ ಮೇಲೆ, ರಾತ್ರಿಯ ಮೋಜು ಎಂದರೆ ಸಾಕು ಪೂರ್ವ ಪುಣೆಯ ನಿವಾಸಿಗಳ ಮುಖ ಬಿಗಿಯುತ್ತದೆ. ಆ ಸಿಟ್ಟನ್ನು ಹಳೆಯ ಕಾಲದವರ ಗೊಣಗಾಟ ಎಂದು ತಳ್ಳಿಹಾಕುವುದು ಅನ್ಯಾಯ. ನನ್ನ ಉತ್ತರ ಇಷ್ಟು: ಅಪಾಯವನ್ನು ಮುಚ್ಚಿಡುವ ಚಿತ್ರ ಕೆಟ್ಟ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಐವರು ಗೆಳೆಯರ ವಾರಾಂತ್ಯವನ್ನು ಹಾಸ್ಯದಲ್ಲಿ ತೇಲಿಸುವ 1999ರ ‘ಹ್ಯೂಮನ್ ಟ್ರಾಫಿಕ್’ ಈ ವಿಷಯದಲ್ಲಿ ಹಗುರಾಗಿ ಜಾರಿಕೊಳ್ಳುತ್ತದೆ, ಬೈಸಿಕೊಳ್ಳಲು ಯೋಗ್ಯ. ಆದರೆ ಅಪಾಯವನ್ನು ತೋರಿಸುವುದೂ ಅಪಾಯವನ್ನಷ್ಟೇ ತೋರಿಸುವುದೂ ಒಂದಲ್ಲ. ಕಲ್ಯಾಣಿ ನಗರದಲ್ಲಿ ಆ ಕಾರು ಓಡಿಸಿದವನು ಅದಕ್ಕೂ ಮುನ್ನ ಕುಡಿದಿದ್ದನೆನ್ನಲಾದ ಪಬ್‌ಗಳು ಅಪ್ಪಣೆ ಪಡೆದವು, ತೆರಿಗೆ ಕಟ್ಟುವಂಥವು. ಅಪ್ಪಣೆಯ ಕಾಗದವೇ ಜೀವ ಕಾಯುತ್ತದೆ ಎಂಬ ನಂಬಿಕೆಗೆ ಆ ರಾತ್ರಿಯೇ ಉತ್ತರ ಕೊಟ್ಟಿದೆ.

ಎರಡನೆಯದು, ಇದೆಲ್ಲ ಪರದೇಶದ್ದು, ನಮಗೇಕೆ ಎಂಬ ಆಕ್ಷೇಪ. ಮುಂಬಯಿಯ ಚಿತ್ರರಂಗದಲ್ಲಿ ವಾದ್ಯ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಭೈರವಿ, ಲಲಿತ್, ತೋಡಿ, ಯಮನ್, ಮಾಲಕಂಸ್ ಮೊದಲಾದ ಹತ್ತು ರಾಗಗಳನ್ನು ರೋಲ್ಯಾಂಡ್ ಕಂಪನಿಯ ಸಿಂಥಸೈಜರ್, ಡ್ರಮ್ ಯಂತ್ರಗಳ ಮೇಲೆ ನುಡಿಸಿ ಧ್ವನಿಮುದ್ರಿಕೆ ತಂದರು. ಯಾರೂ ಕೊಳ್ಳಲಿಲ್ಲ. ಶಿಕಾಗೊದಲ್ಲಿ ಆ್ಯಸಿಡ್ ಹೌಸ್ ಎಂದು ಹೆಸರಾದ ಸಂಗೀತದ ಮೊದಲ ಮುದ್ರಿಕೆ ಬಂದದ್ದು 1987ರಲ್ಲಿ, ಅದೇ ರೋಲ್ಯಾಂಡ್ 303 ಯಂತ್ರದಿಂದ. 2010ರಲ್ಲಿ ಸಿಂಗ್ ಅವರ ಮುದ್ರಿಕೆ ಮತ್ತೆ ಹೊರಬಂದಾಗ ಯುರೋಪಿನ ಕೇಳುಗರು ಬೆರಗಾದರು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವುದು ತಪ್ಪು. ಶಿಕಾಗೊದವರು ಅದನ್ನು ಕೇಳಿರಲೇ ಇಲ್ಲ. ಆದರೆ ಸದ್ದೇ ಪರಕೀಯ ಎನ್ನುವವರ ಬಾಯಿ ಕಟ್ಟಲು ಇಷ್ಟು ಸಾಕು. ಇನ್ನು ಒಂದೇ ಬಡಿತದ ಪುನರಾವರ್ತನೆಗೆ ಪುಣೆಯವರು ಯಾರಿಂದಲೂ ಪಾಠ ಕಲಿಯಬೇಕಾಗಿಲ್ಲ. ಅನಂತ ಚತುರ್ದಶಿಯಂದು ಲಕ್ಷ್ಮೀ ರಸ್ತೆಯಲ್ಲಿ ಢೋಲ್ ತಾಶಾ ಪಥಕಗಳು ಬಡಿಯಲು ನಿಂತರೆ ಗಣಪತಿಯ ಮೆರವಣಿಗೆ ಒಂದು ಹಗಲು ಒಂದು ರಾತ್ರಿ ದಾಟಿ ಮರುದಿನಕ್ಕೆ ಹೋಗುತ್ತದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕವನ್ನು ತಡೆಯುತ್ತವೆ. ವರ್ಷದಲ್ಲಿ ಹದಿನೈದು ದಿನ ಮೀರದಂತೆ, ಧಾರ್ಮಿಕ ಅಥವಾ ಸಾಂಸ್ಕೃತಿಕ ಹಬ್ಬಕ್ಕಾಗಿ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯಕ್ಕಿದೆ. ಆ ಸಡಿಲಿಕೆ ಯಾರಿಗೆ ಸಲ್ಲುತ್ತದೆ ಎಂಬುದರಲ್ಲೇ ಎಲ್ಲ ಅಡಗಿದೆ.

ಗಣಪತಿಯನ್ನೂ ರೇವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಎಂದು ಇಲ್ಲಿ ಯಾರಾದರೂ ಸಿಡಿಮಿಡಿಗೊಳ್ಳಬಹುದು. ತೂಗುತ್ತಿಲ್ಲ. ಗಣೇಶೋತ್ಸವದ ಮಂಡಳಕ್ಕೆ ರಸೀದಿ ಪುಸ್ತಕವಿದೆ, ಅಧ್ಯಕ್ಷರಿದ್ದಾರೆ, ವಿಳಾಸವಿದೆ. ಯಾರಾದರೂ ಕುಸಿದುಬಿದ್ದರೆ ಕೇಳಲು ಒಬ್ಬರಿದ್ದಾರೆ. ಹೊಣೆ ಹೊರುವವರಿಲ್ಲದ ಕೂಟವನ್ನು ರಾಜ್ಯ ಅನುಮಾನದಿಂದ ನೋಡುವುದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಸಾರ್ವಜನಿಕ ಗಣೇಶೋತ್ಸವಕ್ಕೂ ಒಂದು ಆರಂಭಕಾಲ ಇತ್ತು. 1892ರ ಭಾವೂಸಾಹೇಬ ರಂಗಾರಿ ಅವರದೋ 1893ರ ತಿಲಕರದೋ ಎಂಬ ಜಗಳ ಪುಣೆಯಲ್ಲಿ ಇನ್ನೂ ಬಗೆಹರಿದಿಲ್ಲ, ಇರಲಿ. ಮನೆಯೊಳಗಿನ ಪೂಜೆ ಬೀದಿಗೆ ಬಂದಾಗ ಬ್ರಿಟಿಷ್ ಸರ್ಕಾರ ಕಂಡದ್ದು ಭಕ್ತಿಯನ್ನಲ್ಲ, ಜನ ಕೂಡುವುದನ್ನು. ಕರಾವಳಿಯ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಬಯಲಾಟ ಎಂದರೆ ಗದ್ದೆಯಲ್ಲಿ ರಾತ್ರಿಯಿಡೀ ಚೆಂಡೆ, ಟಿಕೆಟ್ಟಿಲ್ಲದ ಪ್ರವೇಶ, ಬೆಳಗಿಗೆ ಮಂಗಳ. ಅದೇ ರಾತ್ರಿ ಹತ್ತರ ನಿಯಮದ ಬಿಸಿಗೆ ಕಟೀಲು ಯಕ್ಷಗಾನ ಮೇಳ 2022ರಲ್ಲಿ ಕಾಲಮಿತಿ ಪ್ರದರ್ಶನಕ್ಕೆ ಹೊರಳಿದಾಗ ಅಭಿಮಾನಿಗಳು ಬಹಿರಂಗವಾಗಿಯೇ ವಿರೋಧಿಸಿದರು. ನಸುಕಿನ ಜಾವದಲ್ಲಿ ಮಾತ್ರ ಹುಟ್ಟುವ ಒಂದು ರಸ ರಾತ್ರಿ ಹತ್ತೂವರೆಗೆ ಹುಟ್ಟುವುದಿಲ್ಲ ಎಂಬ ಅವರ ಅಳಲು ಅರ್ಥವಾಗುವ ಕನ್ನಡಿಗನಿಗೆ, ‘ಬೀಟ್ಸ್’ ಚಿತ್ರದ ಹುಡುಗರ ಹಪಾಹಪಿ ಅಷ್ಟೇನೂ ದೂರದ್ದಲ್ಲ.

ಇನ್ನು ಹೊಗಳುವವರ ಸರದಿ. ಆ ಕಾಲದಲ್ಲಿ ಬಣ್ಣ, ದೇಶ, ಹಣ ಎಂಬ ಭೇದವಿರಲಿಲ್ಲ, ಎಲ್ಲರೂ ಒಂದಾಗಿ ಕುಣಿದರು ಎಂಬುದು ಅವರ ನೆಚ್ಚಿನ ಮಾತು. ಇದಕ್ಕೆ ಗೋವಾಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಗೋವಾ ಪುಣೆಗೆ ನೆರೆಯೂ ಹೌದು. 1974ರಲ್ಲಿ ಕೋರೆಗಾಂವ್ ಪಾರ್ಕಿನಲ್ಲಿ ರಜನೀಶರ ಆಶ್ರಮ ನೆಲೆಯೂರಿದ ಮೇಲೆ ಕುಣಿತವನ್ನೇ ಧ್ಯಾನವಾಗಿಸಿಕೊಂಡ ವಿದೇಶೀಯರು ಪುಣೆಗೂ ಅಂಜುನಾ ಕಡಲತೀರಕ್ಕೂ ನಡುವೆ ಓಡಾಡಿಕೊಂಡಿದ್ದರು. 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಗೋವಾಕ್ಕೆ ಬಂದು 2023ರಲ್ಲಿ ತೀರಿಕೊಂಡ ಗೋವಾ ಗಿಲ್ ಆ ಜಗತ್ತಿನ ದೊಡ್ಡ ಹೆಸರು. ಅವರೂ ಕಾಣಿಸಿಕೊಳ್ಳುವ ‘ಲಾಸ್ಟ್ ಹಿಪ್ಪಿ ಸ್ಟ್ಯಾಂಡಿಂಗ್’ ಎಂಬ ಮಾರ್ಕಸ್ ರಾಬಿನ್ ಅವರ ಸಾಕ್ಷ್ಯಚಿತ್ರ ಹಳೆಯ ಅಂಜುನಾದ ದುರ್ಲಭ ತುಣುಕುಗಳನ್ನು ಕಟ್ಟಿಕೊಡುತ್ತದೆ, ಅದರ ಮಟ್ಟಿಗೆ ಬೆಲೆಯುಳ್ಳದ್ದು. ಅದನ್ನು ನೋಡಿ ಕಣ್ಣು ತುಂಬಿಕೊಳ್ಳುವವರು ಅರುಣ್ ಸಲ್ಡಾನ್ಹ 2007ರಲ್ಲಿ ಪ್ರಕಟಿಸಿದ ‘ಸೈಕಡೆಲಿಕ್ ವೈಟ್’ ಎಂಬ ಅಧ್ಯಯನವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಅಂಜುನಾದ ಕುಣಿತದ ಕಣದಲ್ಲಿ ಬಿಳಿಯರೂ ಭಾರತೀಯರೂ ಹೇಗೆ ಬೇರೆಬೇರೆಯಾಗಿ ಹೆಪ್ಪುಗಟ್ಟುತ್ತಿದ್ದರು ಎಂಬುದನ್ನು ಅವರು ಕಣ್ಣಾರೆ ಕಂಡು ಬರೆದಿದ್ದಾರೆ. ರಾತ್ರಿ ಭಾರತೀಯ ಪ್ರವಾಸಿಗರು ಕುಣಿಯುವರು. ಬೆಳಗಾಗುತ್ತ ಅವರು ಕರಗಿದ ಮೇಲೆ ಹಳೆಯ ಬಿಳಿಯರು ಕಣಕ್ಕಿಳಿದು ಅದನ್ನು ತಮ್ಮದಾಗಿಸಿಕೊಳ್ಳುವರು. ಚಾಪೆ ಹಾಸಿ, ದೀಪ ಹಚ್ಚಿ, ರಾತ್ರಿಯಿಡೀ ಚಹಾ ಕಾಯಿಸಿ ಮಾರುತ್ತಿದ್ದ ಊರ ಹೆಂಗಸರಿಲ್ಲದೆ ಆ ಕೂಟಗಳು ಬೆಳಗು ಕಾಣುತ್ತಿರಲಿಲ್ಲ. ಅವರು ಕಣದ ಅಂಚಿನಲ್ಲೇ ಉಳಿದರು. ಚಿತ್ರಗಳಲ್ಲೂ ಅಂಚಿನಲ್ಲೇ ಇದ್ದಾರೆ. ಯಾರೂ ಅಪ್ಪಣೆ ಕೇಳಲಿಲ್ಲ ಎಂಬ ಹೆಮ್ಮೆಯ ಹಿಂದೆ, ಆ ಊರಿನವರನ್ನೂ ಕೇಳಲಿಲ್ಲ ಎಂಬ ಸಂಗತಿ ಇದೆ. ನನ್ನ ಅಳತೆಗೋಲು ಹೊಗಳುವವರಿಗೆ ಇಲ್ಲಿ ಚುಚ್ಚಬೇಕು, ಚುಚ್ಚಲಿ.

ಹಾಗಾಗಿ ನೋಡಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ತೀರ ಲೌಕಿಕವಾದವು. ಜಾಗ ಯಾರದು, ಜನರೇಟರ್ ಎಲ್ಲಿಂದ ಬಂತು, ಬಾಗಿಲಲ್ಲಿ ದುಡ್ಡು ಯಾರು ತೆಗೆದುಕೊಂಡರು, ನಿದ್ದೆಗೆಟ್ಟ ನೆರೆಯವನಿಗೆ ಚಿತ್ರದಲ್ಲಿ ಒಂದು ಮಾತಾದರೂ ಸಿಕ್ಕಿತೇ, ದಾಳಿಗೆ ಬಂದ ಪೇದೆಗೆ ಮುಖವಿದೆಯೇ? ಒಂದೇ ರಾತ್ರಿಯ ಕೂಟವನ್ನು ಹೊಂದಿಸುವ ಪಾಡನ್ನು ತೋರಿಸುವ 2000ದ ‘ಗ್ರೂವ್’ ಎಂಬ ಅಮೆರಿಕದ ಚಿತ್ರ ಮೊದಲ ಪ್ರಶ್ನೆಗಳಲ್ಲಿ ಪಾಸಾಗಿ ಕೊನೆಯವುಗಳಲ್ಲಿ ಫೇಲಾಗುತ್ತದೆ. ‘ಬೀಟ್ಸ್’ ಎಲ್ಲದರಲ್ಲೂ ಅಲ್ಲದಿದ್ದರೂ ಹೆಚ್ಚಿನವುಗಳಲ್ಲಿ ಗೆಲ್ಲುತ್ತದೆ. ಪೊಲೀಸಿನವನನ್ನು ಅದು ರಾಕ್ಷಸನನ್ನಾಗಿ ಮಾಡುವುದಿಲ್ಲ, ಅದೇ ಅದರ ದೊಡ್ಡತನ.

ಇಂಥ ಚಿತ್ರ ನಮ್ಮ ನೆಲದಲ್ಲಿ ಯಾಕೆ ಆಗಬಾರದು? ಸಾಮಗ್ರಿ ಪುಣೆಯಲ್ಲೇ ಬಿದ್ದಿದೆ. ಗಿರೀಶ ಕಾರ್ನಾಡರು ನಿರ್ದೇಶಕರಾಗಿದ್ದ, ಗಿರೀಶ ಕಾಸರವಳ್ಳಿ ಕಲಿತು ಬಂದ ಚಲನಚಿತ್ರ ಸಂಸ್ಥೆ ವಿಮಾನ ನಗರದಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿದೆ. ಡೋಣಜೆ ಅಲ್ಲಿಂದ ಇನ್ನೊಂದಷ್ಟು ದೂರ. 2007ರ ಆ ರಾತ್ರಿಯನ್ನು ಹಿಡಿಯಲ್ಪಟ್ಟವರ ಕಡೆಯಿಂದ, ದಾಳಿಗೆ ಹೋದ ಪೇದೆಗಳ ಕಡೆಯಿಂದ, ಬೆಳಿಗ್ಗೆ ಎದ್ದು ವ್ಯಾನುಗಳ ಸಾಲು ಕಂಡ ಹಳ್ಳಿಯವರ ಕಡೆಯಿಂದ ಒಟ್ಟಿಗೆ ಹೇಳುವ ಚಿತ್ರವನ್ನು ಸಂಸ್ಥೆಯ ಇಂದಿನ ವಿದ್ಯಾರ್ಥಿಗಳು ಮಾಡಲಿ. ಅಂದಿನ ಹುಡುಗರಿಗೆ ಈಗ ನಲವತ್ತರ ಆಸುಪಾಸು, ಪೇದೆಗಳು ನಿವೃತ್ತಿಯ ಅಂಚಿನಲ್ಲಿರಬಹುದು. ಕೇಳಿದರೆ ಹೇಳುವ ವಯಸ್ಸು ಅದು.